ಕಾರ್ಡಿಗೆ ಕೈ ಹಚ್ಚಬೇಡಿ: 1401ರ ಎಮ್ಯುಲೇಟರ್ ಬರೆಯುತ್ತಿರುವ ಗೆಳೆಯರಿಗೊಂದು ಬಹಿರಂಗ ಪತ್ರ



ಐಬಿಎಂ 1401 ಎಂಬ ಹಳೆಯ ಕಂಪ್ಯೂಟರಿನ ಎಮ್ಯುಲೇಟರನ್ನು ನಿಮ್ಮಲ್ಲಿ ಕೆಲವರು ಕಾಲೇಜಿನ ಪ್ರಾಜೆಕ್ಟಿಗೆಂದು ಬರೆಯುತ್ತಿದ್ದೀರಿ. ಇನ್ನು ಕೆಲವರು ದಿನದ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ, ಯಾರೂ ಹೇಳದೆ, ಬರೀ ಆಸೆಯಿಂದ ಬರೆಯುತ್ತಿದ್ದೀರಿ. ಅರವತ್ತು ವರ್ಷಕ್ಕೂ ಹಿಂದಿನ ಪಂಚ್ ಕಾರ್ಡಿನ ಯಂತ್ರವೊಂದು ಲ್ಯಾಪ್‌ಟಾಪಿನೊಳಗೆ ಮತ್ತೆ ಬದುಕಲಿ ಎಂದು ನಿದ್ದೆಗೆಡುವವರನ್ನು ಕಂಡರೆ ನನಗೆ ಬಹಳ ಪ್ರೀತಿ. ಈ ಪತ್ರ ಆ ಪ್ರೀತಿಯಿಂದಲೇ ಹೊರಟದ್ದು.

ನಿಮ್ಮ ಎಮ್ಯುಲೇಟರುಗಳನ್ನು ಓದುವಾಗ ಒಂದು ಅಭ್ಯಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಳೆಯ ಪ್ರೋಗ್ರಾಮೊಂದು ಸರಿಯಾಗಿ ಓಡದಿದ್ದರೆ ಆ ಪ್ರೋಗ್ರಾಮಿನ ಕಾರ್ಡುಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಓಡಿಸುತ್ತೀರಿ. ಇಲ್ಲವೇ ಆ ಒಂದು ಪ್ರೋಗ್ರಾಮಿಗೆಂದೇ ಎಮ್ಯುಲೇಟರಿನೊಳಗೆ ಒಂದು 'ಇಫ್' ಸೇರಿಸುತ್ತೀರಿ. ಎರಡನ್ನೂ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಆ ಕಾರ್ಡುಗಳು ನಿಜವಾದ ಯಂತ್ರದಲ್ಲಿ ತಿಂಗಳು ತಿಂಗಳೂ ಓಡಿ ಸಂಬಳದ ಚೀಟಿ ಅಚ್ಚು ಹಾಕಿಕೊಟ್ಟಿದ್ದರೆ, ಅವು ಸರಿಯಾಗಿವೆ ಎಂಬುದಕ್ಕೆ ಅದೇ ಸಾಕ್ಷಿ. ನಿಮ್ಮ ಎಮ್ಯುಲೇಟರಿಗೆ ಅಂಥ ಸಾಕ್ಷಿ ಇನ್ನೂ ಒದಗಿಲ್ಲ. ಆದ್ದರಿಂದ ಅನುಮಾನ ಮೊದಲು ಎಮ್ಯುಲೇಟರಿನ ಮೇಲೆ ಬರಬೇಕು.

ಯಂತ್ರದ ಪರಿಚಯ ಇಲ್ಲದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ನಾಲ್ಕು ಮಾತು. 1401 ಅನ್ನು ಐಬಿಎಂ ಪ್ರಕಟಿಸಿದ್ದು 1959ರ ಅಕ್ಟೋಬರ್ 5ರಂದು. ಅಲ್ಲಿಯವರೆಗೆ ಹೆಚ್ಚಿನ ಕಂಪನಿಗಳ ಸಂಬಳ, ಬಿಲ್ಲು, ದಾಸ್ತಾನು ಎಲ್ಲ ನಡೆಯುತ್ತಿದ್ದದ್ದು ಪಂಚ್ ಕಾರ್ಡಿನ ಲೆಕ್ಕದ ಯಂತ್ರಗಳಲ್ಲಿ. ಲೆಕ್ಕದ ಕ್ರಮ ಬದಲಾಗಬೇಕೆಂದರೆ ಪ್ಲಗ್‌ಬೋರ್ಡಿನಲ್ಲಿ ವೈರುಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕಿತ್ತು. 1401ರ ಒಳರಚನೆಯನ್ನು ರೂಪಿಸಿದ ಫ್ರಾನ್ಸಿಸ್ ಅಂಡರ್‌ವುಡ್ ಆ ಬೋರ್ಡನ್ನೇ ತೆಗೆದುಹಾಕಿ, ಮೆಮೊರಿಯಲ್ಲಿ ಕೂರುವ ಪ್ರೋಗ್ರಾಮನ್ನು ಸಾಮಾನ್ಯ ಕಚೇರಿಗಳಿಗೂ ಎಟುಕುವಂತೆ ಮಾಡಿದರು. ಜೊತೆಗೆ ಬಂದ 1402 ಯಂತ್ರ ನಿಮಿಷಕ್ಕೆ 800 ಕಾರ್ಡು ಓದುತ್ತಿತ್ತು, 250 ಕಾರ್ಡಿಗೆ ತೂತು ಹೊಡೆಯುತ್ತಿತ್ತು. 1403 ಪ್ರಿಂಟರ್ ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು, ಒಂದೊಂದು ಸಾಲಿಗೆ 132 ಅಕ್ಷರ. ಮೆಮೊರಿ ಅತಿ ಕಡಿಮೆಯೆಂದರೆ 1,400 ಅಕ್ಷರ, ಅತಿ ಹೆಚ್ಚೆಂದರೆ 16,000. ಇಷ್ಟು ಪುಟ್ಟ ಯಂತ್ರ ಹತ್ತು ಸಾವಿರಕ್ಕೂ ಹೆಚ್ಚು ತಯಾರಾಯಿತು.

ಇದರ ಜೀವಾಳ ವರ್ಡ್ ಮಾರ್ಕ್. ಮೆಮೊರಿಯ ಪ್ರತಿ ಮನೆಯಲ್ಲೂ ಅಕ್ಷರಕ್ಕೆ ಆರು ಬಿಟ್, ಪ್ಯಾರಿಟಿಗೆ ಒಂದು ಬಿಟ್, ಅದರ ಮೇಲೆ ವರ್ಡ್ ಮಾರ್ಕಿಗೆಂದು ಇನ್ನೊಂದು ಬಿಟ್ ಇರುತ್ತದೆ. ಸಂಖ್ಯೆಗೆ ಇಷ್ಟೇ ಉದ್ದ ಎಂಬ ಕಟ್ಟು ಇಲ್ಲ. ಒಂದು ಫೀಲ್ಡನ್ನು ಅದರ ಬಲತುದಿಯ ವಿಳಾಸದಿಂದ ಕರೆಯಬೇಕು. ಯಂತ್ರ ಅಲ್ಲಿಂದ ಎಡಕ್ಕೆ ನಡೆಯುತ್ತಾ ಹೋಗಿ ವರ್ಡ್ ಮಾರ್ಕ್ ಸಿಕ್ಕಲ್ಲಿ ನಿಲ್ಲುತ್ತದೆ. ಆದೇಶಗಳ ವಿಷಯದಲ್ಲಿ ಇದು ತಿರುಗುಮುರುಗು. ಆದೇಶದ ಮೊದಲ ಅಕ್ಷರದ ಮೇಲೆ ವರ್ಡ್ ಮಾರ್ಕ್ ಇರುತ್ತದೆ, ಯಂತ್ರ ಎಡದಿಂದ ಬಲಕ್ಕೆ ಓದುತ್ತಾ ಮುಂದಿನ ವರ್ಡ್ ಮಾರ್ಕ್ ಬಂದಾಗ 'ಇಲ್ಲಿಗೆ ಆದೇಶ ಮುಗಿಯಿತು' ಎಂದು ತಿಳಿಯುತ್ತದೆ. ಆದೇಶ ಒಂದೇ ಅಕ್ಷರದ್ದಿರಬಹುದು, ನಾಲ್ಕರದ್ದಿರಬಹುದು, ಏಳೆಂಟರದ್ದೂ ಇರಬಹುದು.

ಈಗ ಮೊದಲ ಕಾರ್ಡಿಗೆ ಬರೋಣ. ಬಹುಪಾಲು ಎಮ್ಯುಲೇಟರುಗಳು ಮುಗ್ಗರಿಸುವುದೇ ಅಲ್ಲಿ.

1402ರ ಮೇಲಿನ ಲೋಡ್ ಗುಂಡಿ ಒತ್ತಿದರೆ ಮೊದಲ ಕಾರ್ಡಿನ 80 ಕಾಲಂ ಮೆಮೊರಿಯ 001ರಿಂದ 080ರವರೆಗಿನ ಮನೆಗಳಿಗೆ ಬರುತ್ತದೆ. 001ರ ಮೇಲೆ ವರ್ಡ್ ಮಾರ್ಕ್ ಬೀಳುತ್ತದೆ, ಉಳಿದ 79 ಮನೆಗಳಲ್ಲಿ ಹಿಂದಿನ ವರ್ಡ್ ಮಾರ್ಕ್ ಏನಾದರೂ ಇದ್ದರೆ ಅಳಿಸಿಹೋಗುತ್ತದೆ. ಆಮೇಲೆ ಯಂತ್ರ 001ರಿಂದ ಆದೇಶ ಓದಲು ಶುರುಮಾಡುತ್ತದೆ. ಕಾರ್ಡಿನಲ್ಲಿ ವರ್ಡ್ ಮಾರ್ಕಿಗೆ ತೂತು ಇಲ್ಲ. ಹಾಗಿದ್ದ ಮೇಲೆ ಮೊದಲ ಆದೇಶ ಎಲ್ಲಿ ಮುಗಿಯಿತೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಆ ಕಾಲದ ಲೋಡರ್ ಕಾರ್ಡುಗಳು ಸಾಮಾನ್ಯವಾಗಿ ಹೀಗೆ ಶುರುವಾಗುತ್ತವೆ: ,008015,022029,036040. ಕಾಮಾ ಎಂದರೆ 'ವರ್ಡ್ ಮಾರ್ಕ್ ಹಾಕು' ಎಂಬ ಆದೇಶ. ಅದರ ಹಿಂದೆಯೇ ಮೂರು ಮೂರು ಅಂಕಿಯ ಎರಡು ವಿಳಾಸ. 001ರಿಂದ 007ರವರೆಗಿನ ಆದೇಶ 008ಕ್ಕೂ 015ಕ್ಕೂ ವರ್ಡ್ ಮಾರ್ಕ್ ಹಾಕುತ್ತದೆ. ಹಾಗಾಗಿ 008ರಲ್ಲಿರುವ ಮುಂದಿನ ಕಾಮಾ ಈಗ ಆದೇಶವಾಯಿತು, ಅದು 022ಕ್ಕೂ 029ಕ್ಕೂ ಹಾಕುತ್ತದೆ. 015ರ ಕಾಮಾ 036ಕ್ಕೂ 040ಕ್ಕೂ ಹಾಕುತ್ತದೆ. ಕಾರ್ಡು ಹೀಗೆ ತನ್ನ ಮುಂದಿನ ದಾರಿಯನ್ನು ತಾನೇ ಮಾಡಿಕೊಂಡು ಹೋಗುತ್ತದೆ. ಇದನ್ನು ಮೊದಲ ಸಲ ಪೆನ್ಸಿಲ್ ಹಿಡಿದು ಮನೆ ಮನೆಯಾಗಿ ಬರೆದು ನೋಡಿದಾಗ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ. ನೀವೂ ಒಮ್ಮೆ ಬರೆದು ನೋಡಿ.

ಆದರೂ ಮೊದಲ ಪ್ರಶ್ನೆ ಹಾಗೇ ಉಳಿಯಿತು. 001ರ ಆದೇಶವನ್ನು ಓದುವಾಗ 008ರಲ್ಲಿ ವರ್ಡ್ ಮಾರ್ಕ್ ಇನ್ನೂ ಬಿದ್ದೇ ಇಲ್ಲವಲ್ಲ? 'ಮುಂದಿನ ವರ್ಡ್ ಮಾರ್ಕ್ ಸಿಗುವವರೆಗೆ ಓದು' ಎಂಬ ಸಾಮಾನ್ಯ ನಿಯಮವೊಂದನ್ನೇ ನಂಬಿ ಬರೆದ ಎಮ್ಯುಲೇಟರ್ ಇಲ್ಲಿ 80 ಕಾಲಮ್ಮನ್ನೂ ಒಂದೇ ಆದೇಶವೆಂದು ನುಂಗಿ, ಆದೇಶ ತಪ್ಪು ಎಂದು ನಿಂತುಬಿಡುತ್ತದೆ. ಆಗ ಶುರುವಾಗುವುದೇ ನಾನು ಹೇಳಿದ ಆ 'ಇಫ್'. ಮೊದಲ ಕಾರ್ಡಾದರೆ, ಕಾಮಾ ಕಂಡಲ್ಲೆಲ್ಲ ಎಮ್ಯುಲೇಟರೇ ವರ್ಡ್ ಮಾರ್ಕ್ ಹಾಕಿಬಿಡುವ ಕೋಡನ್ನು ನಾನು ನೋಡಿದ್ದೇನೆ. ಆ ಒಂದು ಕಾರ್ಡಿಗೆ ಅದು ಸರಿಹೋಗುತ್ತದೆ. ಕಾಮಾವನ್ನು ಬರೀ ಅಕ್ಷರವಾಗಿ ಇಟ್ಟುಕೊಂಡ ಬೇರೊಂದು ಕಾರ್ಡು ಬಂದ ದಿನ ಆದೇಶಗಳು ನಡುವೆಯೇ ತುಂಡಾಗುತ್ತವೆ. ನಿಜವಾದ ಯಂತ್ರ ಮಾಡುತ್ತಿದ್ದದ್ದು ಇದಕ್ಕಿಂತ ಸರಳ. ಕಾಮಾ ಆದೇಶಕ್ಕೆ ಏಳು ಅಕ್ಷರ ಸಿಕ್ಕರೆ ಸಾಕು, ಮುಂದಿನ ವರ್ಡ್ ಮಾರ್ಕಿಗೆ ಅದು ಕಾಯುವುದಿಲ್ಲ. ಹಾಗೆಯೇ ನಾಲ್ಕಕ್ಷರದ ಬ್ರಾಂಚ್ ಆದೇಶದ ಮುಂದೆ ಖಾಲಿ ಮನೆ ಇದ್ದರೆ ಅಲ್ಲಿಗೂ ಆದೇಶ ಮುಗಿಯಿತು. ಈ ಎರಡು ವಿನಾಯಿತಿಗಳು ಯಂತ್ರದ ಹುಟ್ಟಿನಲ್ಲೇ ಇದ್ದವು. ಇವನ್ನು ಸರಿಯಾಗಿ ಬರೆದರೆ ಮೊದಲ ಕಾರ್ಡಿಗೆಂದು ಬೇರೆ ಏನನ್ನೂ ಬರೆಯಬೇಕಿಲ್ಲ.

ಎಮ್ಯುಲೇಟರುಗಳು ಮುಗ್ಗರಿಸುವ ಎರಡನೆಯ ಜಾಗ ಇನ್ನೂ ಸೂಕ್ಷ್ಮ. ಇದರಲ್ಲಿ ಯಂತ್ರ ನಿಲ್ಲುವುದೂ ಇಲ್ಲ, ದೂರುವುದೂ ಇಲ್ಲ, ತಪ್ಪು ಉತ್ತರ ಮಾತ್ರ ಕೊಡುತ್ತದೆ.

ಕಾರ್ಡಿನ 1ರಿಂದ 20ನೇ ಕಾಲಮ್ಮಿನವರೆಗೆ ನೌಕರರ ಹೆಸರು, 21ರಿಂದ 26ರವರೆಗೆ ಅವರ ನಂಬರ್ ಎಂದಿಟ್ಟುಕೊಳ್ಳಿ. ವರ್ಡ್ ಮಾರ್ಕ್ 001ರ ಮೇಲೂ 021ರ ಮೇಲೂ ಇದೆ. ಪ್ರಿಂಟರಿಗೆ ಹೋಗುವ ಸಾಲು 201ರಿಂದ ಶುರು. ಪ್ರೋಗ್ರಾಮಿನಲ್ಲಿ ಮೊದಲು 'ಎಂ 026 226' ಎಂಬ ಏಳಕ್ಷರದ ಆದೇಶವಿದೆ, ಅಂದರೆ 026ರಲ್ಲಿ ಮುಗಿಯುವ ಫೀಲ್ಡನ್ನು 226ರಲ್ಲಿ ಮುಗಿಯುವಂತೆ ಕಳಿಸು ಎಂದು. ಅದರ ಹಿಂದೆಯೇ ಬರೀ 'ಎಂ', ಒಂದೇ ಅಕ್ಷರ, ವಿಳಾಸವೇ ಇಲ್ಲ. ವಿಳಾಸ ಕೊಡದಿದ್ದರೆ ಯಂತ್ರ ಎ, ಬಿ ಎಂಬ ತನ್ನ ಎರಡು ವಿಳಾಸ ರಿಜಿಸ್ಟರುಗಳಲ್ಲಿ ಹಿಂದಿನ ಆದೇಶ ಬಿಟ್ಟುಹೋದದ್ದನ್ನೇ ಬಳಸುತ್ತದೆ. ಮೊದಲ ಆದೇಶ ಆರು ಅಕ್ಷರ ಸಾಗಿಸಿ, 021ರ ವರ್ಡ್ ಮಾರ್ಕ್ ನೋಡಿ ನಿಲ್ಲುತ್ತದೆ. ನಿಲ್ಲುವ ಹೊತ್ತಿಗೆ ರಿಜಿಸ್ಟರುಗಳು ಇನ್ನೊಂದು ಹೆಜ್ಜೆ ಎಡಕ್ಕೆ ಹೋಗಿ 020, 220 ಎಂದು ಕೂತಿರುತ್ತವೆ. ಅದಕ್ಕೇ ಎರಡನೆಯ 'ಎಂ' ಯಾರೂ ಹೇಳದಿದ್ದರೂ ಹೆಸರನ್ನು 201ರಿಂದ 220ರವರೆಗೆ ತಂದು ಕೂರಿಸುತ್ತದೆ.

ನಿಮ್ಮ ಎಮ್ಯುಲೇಟರ್ ವರ್ಡ್ ಮಾರ್ಕ್ ಕಂಡ ತಕ್ಷಣ, ರಿಜಿಸ್ಟರಿನಲ್ಲಿ ಒಂದು ಕಳೆಯುವ ಮೊದಲೇ, ಲೂಪಿನಿಂದ ಹೊರಗೆ ಬಂದರೆ ಏನಾಗುತ್ತದೆ ನೋಡಿ. ರಿಜಿಸ್ಟರುಗಳಲ್ಲಿ 021, 221 ಉಳಿಯುತ್ತವೆ. ಎರಡನೆಯ 'ಎಂ' 021ರ ಒಂದಕ್ಷರವನ್ನು 221ಕ್ಕೆ ಮತ್ತೆ ಕಳಿಸಿ, ಅಲ್ಲೇ ವರ್ಡ್ ಮಾರ್ಕ್ ಸಿಕ್ಕಿತೆಂದು ನಿಲ್ಲುತ್ತದೆ. ನಂಬರ್ ಸರಿಯಾಗಿ ಅಚ್ಚಾಗುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ. ಆದೇಶಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಎಲ್ಲವೂ ಪಾಸು. ನಿಮ್ಮಲ್ಲೊಬ್ಬರು ಇಂಥದ್ದೇ ಕಡೆ 'ಪ್ರೋಗ್ರಾಮಿನಲ್ಲಿ ವಿಳಾಸ ಬಿಟ್ಟುಹೋಗಿದೆ' ಎಂದು ಬರೆದು, ಎರಡನೆಯ ಆದೇಶವನ್ನು ಪೂರ್ತಿ ಏಳಕ್ಷರ ಮಾಡಿ ಕಾರ್ಡಿಗೆ ಸೇರಿಸಿದ್ದರು. ಹೆಸರು ಬಂತು, ನಿಜ. ಬಗ್ ಮಾತ್ರ ಎಮ್ಯುಲೇಟರಿನೊಳಗೇ ಉಳಿಯಿತು. ಮೂಲ ಪ್ರೋಗ್ರಾಮರ್ ಆ ವಿಳಾಸವನ್ನು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದರು. ಒಂದೇ ಅಕ್ಷರದ ಆದೇಶ ಆರು ಮನೆ ಉಳಿಸುತ್ತದೆ, ಆರು ಸೈಕಲ್ ಉಳಿಸುತ್ತದೆ. ಸೈಕಲ್ಲಿಗೆ 11.5 ಮೈಕ್ರೊಸೆಕೆಂಡಿನಂತೆ 69 ಮೈಕ್ರೊಸೆಕೆಂಡ್. ನಿಮಿಷಕ್ಕೆ 800 ಕಾರ್ಡೆಂದರೆ ಒಂದು ಕಾರ್ಡಿಗೆ 75 ಮಿಲಿಸೆಕೆಂಡ್. ಅದರಲ್ಲಿ ಕಾರ್ಡು ಓದುವ ಕೆಲಸ ಕಳೆದು ಲೆಕ್ಕಕ್ಕೆ ಉಳಿಯುತ್ತಿದ್ದದ್ದು ಬರೀ 10. ಆ ಹತ್ತನ್ನು ದಾಟಿದರೆ ರೀಡರ್ ಮುಂದಿನ ಕಾರ್ಡಿನ ಸರದಿ ತಪ್ಪಿಸಿಕೊಳ್ಳುತ್ತಿತ್ತು. ಅಂಥ ಜಾಗದಲ್ಲಿ ಕೂತು ಬರೆದವರ ಕೆಲಸವನ್ನು ನಾವು ಅಜಾಗರೂಕತೆ ಎಂದು ಓದಬಾರದು.

ಮೆಮೊರಿ ಅಳಿಸುವ ಆದೇಶವೂ ಇದೇ ಜಾತಿಯದು. ಓರೆಗೆರೆಯೊಂದಿಗೆ 332 ಎಂದು ಬರೆದರೆ 332ರಿಂದ ಕೆಳಗೆ 300ರವರೆಗೆ ಅಳಿಸುತ್ತದೆ, ರಿಜಿಸ್ಟರಿನಲ್ಲಿ 299 ಉಳಿಯುತ್ತದೆ. ಅದರ ಬೆನ್ನಿಗೇ ಬರೀ ಓರೆಗೆರೆ ಬಂದರೆ 299ರಿಂದ 200ರವರೆಗೆ ಚೊಕ್ಕಟ. ಪ್ರಿಂಟಿನ ಸಾಲು ಖಾಲಿ ಮಾಡಲು ಎಲ್ಲರೂ ಬಳಸುತ್ತಿದ್ದ ಜೋಡಿ ಇದು. ಸಬ್‌ರೂಟೀನಿನಿಂದ ವಾಪಸು ಬರುವ ದಾರಿಯೂ ರಿಜಿಸ್ಟರಿನಲ್ಲೇ ಇದೆ. ಇಂಡೆಕ್ಸ್ ಸೌಲಭ್ಯ ಇರುವ ಯಂತ್ರದಲ್ಲಿ ಬ್ರಾಂಚ್ ಆದಾಗ ಮುಂದಿನ ಆದೇಶದ ವಿಳಾಸ ಬಿ-ರಿಜಿಸ್ಟರಿಗೆ ಬರುತ್ತದೆ, ಸಬ್‌ರೂಟೀನ್ ಮೊದಲ ಕೆಲಸವಾಗಿ ಅದನ್ನು ತೆಗೆದಿಟ್ಟುಕೊಳ್ಳುತ್ತದೆ. ಹಾಗಾಗಿ ಆದೇಶ ಏನು ಮಾಡಿತು ಎಂಬುದರಷ್ಟೇ ಮುಖ್ಯ, ಮುಗಿದ ಮೇಲೆ ಎ, ಬಿ ಮತ್ತು ಮುಂದಿನ ಆದೇಶದ ವಿಳಾಸ ಇಟ್ಟುಕೊಳ್ಳುವ ಐ, ಈ ಮೂರೂ ವಿಳಾಸ ರಿಜಿಸ್ಟರುಗಳಲ್ಲಿ ಏನು ಉಳಿಯಿತು ಎಂಬುದು. ನಿಮ್ಮ ಟ್ರೇಸಿನಲ್ಲಿ ಈ ಮೂರೂ ಇರಲಿ, ಪ್ರತಿ ಸಾಲಿನಲ್ಲೂ ಇರಲಿ.

ಇನ್ನು ಕೂಡುವ ಲೆಕ್ಕ. ಈಗಿನವರಿಗೆ ಕೈಗೆ ಸಿಗುವ ಸುಲಭದ ದಾರಿ ಎಂದರೆ ಫೀಲ್ಡನ್ನು ಪೂರ್ಣಾಂಕ ಮಾಡಿಕೊಂಡು, ಕೂಡಿ, ಮತ್ತೆ ಅಕ್ಷರಗಳಾಗಿ ಬರೆಯುವುದು. 1401ರ ವಿಷಯದಲ್ಲಿ ಈ ದಾರಿ ಹಿಡಿಯಲೇಬೇಡಿ. 999ಕ್ಕೆ 1 ಕೂಡಿ ನೋಡಿ. ಫೀಲ್ಡಿನ ಉದ್ದ ಮೂರೇ. ಪೂರ್ಣಾಂಕದ ದಾರಿಯಲ್ಲಿ 1000 ಬಂದು, ಹಿಡಿಸದ 1 ಉದುರಿ, 000 ಉಳಿಯುತ್ತದೆ. ಯಂತ್ರದಲ್ಲಿ ಅಂಕಿಗಳು 000 ಆಗುವುದೇನೋ ನಿಜ, ಓವರ್‌ಫ್ಲೋ ಗುರುತೂ ಹೊತ್ತಿಕೊಳ್ಳುತ್ತದೆ. ಆದರೆ ಉಳಿದ ದಶಕ ಎಲ್ಲಿಗೂ ಉದುರುವುದಿಲ್ಲ. ಎಡತುದಿಯ ಅಂಕಿಯ ತಲೆಯ ಮೇಲಿರುವ ಎ, ಬಿ ಎಂಬ ಎರಡು ಜೋನ್ ಬಿಟ್ಟುಗಳಿಗೆ ಏರುತ್ತದೆ. ಮೊದಲ ಸಲ ಎ ಬಿಟ್, ಎರಡನೇ ಸಲ ಬಿ ಬಿಟ್, ಮೂರನೇ ಸಲ ಎರಡೂ, ನಾಲ್ಕನೇ ಸಲಕ್ಕೆ ಮತ್ತೆ ಯಾವುದೂ ಇಲ್ಲ.

ಇದೆಂಥ ವಿಚಿತ್ರ ಅನ್ನಿಸಬಹುದು. 1401ರಲ್ಲಿ ವಿಳಾಸ ಬರೆಯುವ ಕ್ರಮವನ್ನು ಇದರ ಪಕ್ಕ ಇಟ್ಟು ನೋಡಿ. ವಿಳಾಸಕ್ಕೆ ಮೂರೇ ಅಕ್ಷರ. 999ರವರೆಗೆ ಬರೀ ಅಂಕಿ ಸಾಕು. 1000ದಿಂದ ಮುಂದಕ್ಕೆ ನೂರರ ಸ್ಥಾನದ ಮೇಲೆ ಎ ಬಿಟ್, 2000ದಿಂದ ಬಿ ಬಿಟ್, 3000ದಿಂದ ಎರಡೂ. ಅಂದರೆ 999 ಎಂಬ ವಿಳಾಸಕ್ಕೆ ಒಂದು ಕೂಡಿದರೆ ಯಂತ್ರ ಕೊಡುವ ಆ 'ವಿಚಿತ್ರ' ಉತ್ತರ 1000 ಎಂಬ ವಿಳಾಸವೇ ಹೌದು! ವಿಳಾಸ ತಿದ್ದಲು ಬೇರೆ ಆದೇಶ ಇಲ್ಲದ ಚಿಕ್ಕ ಯಂತ್ರಗಳಲ್ಲೂ ಸಾದಾ ಕೂಡುವ ಆದೇಶದಿಂದಲೇ ಪಟ್ಟಿಯೊಂದರ ಮೇಲೆ ಸಾಗಬಹುದಿತ್ತು. ಪೂರ್ಣಾಂಕದ ಎಮ್ಯುಲೇಟರಿನಲ್ಲಿ ಅದೇ ಪ್ರೋಗ್ರಾಮ್ 999 ದಾಟುತ್ತಿದ್ದಂತೆ ಮೆಮೊರಿಯ ಬುಡಕ್ಕೆ ಹಾರಿ, ಕಾರ್ಡು ಓದುವ ಜಾಗವನ್ನು ಪಟ್ಟಿಯೆಂದು ತಿಳಿದು ಕೆಲಸ ಮಾಡುತ್ತದೆ. ಪಟ್ಟಿ ಚಿಕ್ಕದಿದ್ದಷ್ಟು ದಿನ ಬಗ್ ಹೊರಗೆ ಬರುವುದೇ ಇಲ್ಲ.

ಮೈನಸ್ ಸೊನ್ನೆಯದೂ ಇಂಥದ್ದೇ ಕತೆ. -5ಕ್ಕೆ 5 ಕೂಡಿದರೆ 1401ರಲ್ಲಿ ಬರುವುದು ಮೈನಸ್ ಗುರುತು ಹೊತ್ತ ಸೊನ್ನೆ. ಹೋಲಿಸುವ ಆದೇಶ ಅಕ್ಷರಗಳನ್ನು ನೋಡುತ್ತದೆಯೇ ಹೊರತು ಬೆಲೆಯನ್ನಲ್ಲ, ಆದ್ದರಿಂದ ಅದರ ಕಣ್ಣಿಗೆ ಈ ಸೊನ್ನೆಯೂ ಸಾದಾ ಸೊನ್ನೆಯೂ ಒಂದೇ ಅಲ್ಲ. ಹಳೆಯ ಪ್ರೋಗ್ರಾಮುಗಳಲ್ಲಿ ಲೆಕ್ಕ ಮುಗಿದ ಮೇಲೆ ಗುರುತನ್ನು ಸರಿಪಡಿಸುವ ಒಂದೆರಡು ಆದೇಶ ಕಂಡರೆ ಅವು ದಂಡಕ್ಕೆ ಇವೆ ಎಂದು ಕಿತ್ತುಹಾಕಬೇಡಿ.

ಎಡಿಟ್ ಆದೇಶದ ಬಗ್ಗೆ ಒಂದೇ ಮಾತು. 00257426 ಎಂಬುದನ್ನು 2,574.26 ಎಂದು ಅಚ್ಚಿಗೆ ಸಿದ್ಧ ಮಾಡುವ ಈ ಒಂದೇ ಆದೇಶ, ಆ ಕಾಲದ ಗುಮಾಸ್ತರಿಗೂ ಪ್ರೋಗ್ರಾಮರಿಗೂ ವರವಾಗಿತ್ತು. ಯಂತ್ರ ಬಲದಿಂದ ಎಡಕ್ಕೆ ಒಮ್ಮೆ ಹೋಗಿ ಅಂಕಿಗಳನ್ನು ಪ್ರೋಗ್ರಾಮರ್ ಮೊದಲೇ ಬರೆದಿಟ್ಟ ಮಾದರಿಯೊಳಗೆ ತುಂಬುತ್ತದೆ, ಮಾದರಿಯಲ್ಲಿ 0 ಇರುವ ಕಡೆ ತಾನೇ ಒಂದು ವರ್ಡ್ ಮಾರ್ಕ್ ಇಡುತ್ತದೆ, ಮತ್ತೆ ಎಡದಿಂದ ಬಲಕ್ಕೆ ಬರುತ್ತಾ ಬೇಡದ ಸೊನ್ನೆ, ಬೇಡದ ಕಾಮಾ ಅಳಿಸಿ, ಆ ಗುರುತಿನ ಬಳಿ ನಿಂತು ಅದನ್ನೂ ತೆಗೆದುಬಿಡುತ್ತದೆ. ನೀವು ಬಳಸುವ ಭಾಷೆಯ ಫಾರ್ಮ್ಯಾಟ್ ಫಂಕ್ಷನ್ ಕರೆದು ಇದನ್ನು ಮುಗಿಸಲು ಹೋಗಬೇಡಿ. ಹೋದ ದಾರಿಯಲ್ಲೇ ಹೋಗಿ, ಬಂದ ದಾರಿಯಲ್ಲೇ ಬನ್ನಿ. ಎರಡು ಲೂಪ್ ಬರೆಯುವ ಶ್ರಮವಷ್ಟೇ.

ಯಂತ್ರಕ್ಕೇ ಸೇರದ ಬಗ್‌ಗಳೂ ಇವೆ. ಕಾರ್ಡನ್ನು ಟೆಕ್ಸ್ಟ್ ಫೈಲಿನ ಒಂದು ಸಾಲಾಗಿ ಇಡುವುದು ನಮ್ಮೆಲ್ಲರ ರೂಢಿ. ಸಾಲಿನ ಕೊನೆಯ ಖಾಲಿ ಜಾಗಗಳನ್ನು ಎಡಿಟರ್ ಸದ್ದಿಲ್ಲದೆ ಕತ್ತರಿಸುತ್ತದೆ. ಕಾರ್ಡಿಗೆ ಯಾವತ್ತೂ 80 ಕಾಲಂ, ಖಾಲಿ ಕಾಲಮ್ಮೂ ಕಾಲಮ್ಮೇ. ಎಮ್ಯುಲೇಟರ್ ಚಿಕ್ಕ ಸಾಲನ್ನು 80ಕ್ಕೆ ತುಂಬಿಸಿಕೊಳ್ಳದಿದ್ದರೆ ಹಿಂದಿನ ಕಾರ್ಡಿನ ಬಾಲ ಮುಂದಿನ ಕಾರ್ಡಿಗೆ ಅಂಟಿಕೊಂಡು, ಒಬ್ಬರ ಊರು ಇನ್ನೊಬ್ಬರ ಹೆಸರಿನ ಮುಂದೆ ಅಚ್ಚಾಗುತ್ತದೆ. ಪ್ರಿಂಟರಿನ ಅಕ್ಷರ ಸರಪಳಿಯಲ್ಲೂ ಎರಡು ಬಗೆ ಇದ್ದವು. ವ್ಯವಹಾರದ ಸರಪಳಿಯಲ್ಲಿ ಶೇಕಡಾ ಗುರುತು ಅಚ್ಚಾಗುವ ತೂತಿಗೆ ವಿಜ್ಞಾನದ ಲೆಕ್ಕದ ಸರಪಳಿಯಲ್ಲಿ ಎಡ ಆವರಣ ಬರುತ್ತದೆ. ಫೋರ್ಟ್ರಾನ್ ಪ್ರೋಗ್ರಾಮೊಂದು ಶೇಕಡಾ ಗುರುತುಗಳ ರಾಶಿಯಾಗಿ ಕಂಡರೆ ಕಾರ್ಡು ಕೆಟ್ಟಿಲ್ಲ, ಸರಪಳಿ ಬೇರೆ, ಅಷ್ಟೇ. ಇದಕ್ಕೆ ಎಮ್ಯುಲೇಟರಿನಲ್ಲಿ ಒಂದು ಆಯ್ಕೆ ಇಡಿ.

'ಇಷ್ಟೆಲ್ಲ ಹಟ ಏಕೆ, ಉತ್ತರ ಬಂದರೆ ಆಯಿತಲ್ಲ' ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಇದೇ ಪ್ರಶ್ನೆ 1960ರ ದಶಕದಲ್ಲಿ ಐಬಿಎಂ ಮುಂದೆಯೂ ಇತ್ತು, ಬಹಳ ದುಡ್ಡಿನ ಪ್ರಶ್ನೆಯಾಗಿ. 1963ರ ಕೊನೆಯಲ್ಲಿ ಹನಿವೆಲ್ ಕಂಪನಿ 1401ರ ಗಿರಾಕಿಗಳನ್ನೇ ಗುರಿಯಿಟ್ಟು ತನ್ನ 200 ಎಂಬ ಯಂತ್ರ ತಂದಿತು, ಹಳೆಯ ಪ್ರೋಗ್ರಾಮುಗಳನ್ನು ಹೊಸ ಯಂತ್ರಕ್ಕೆ ಪರಿವರ್ತಿಸುವ ಸಾಫ್ಟ್‌ವೇರನ್ನೂ ಜೊತೆಗೆ ಕೊಟ್ಟಿತು. 1964ರ ಏಪ್ರಿಲ್‌ನಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಒಳಗಿನಿಂದ 1401ಕ್ಕಿಂತ ಪೂರ್ತಿ ಬೇರೆ. ಆದರೂ ಅದರ ಚಿಕ್ಕ ಮಾದರಿಯಾದ ಮಾಡೆಲ್ 30ರಲ್ಲಿ 1401ರ ಪ್ರೋಗ್ರಾಮುಗಳು ಓಡುವಂತೆ ಮೈಕ್ರೊಕೋಡ್ ಬರೆದುಕೊಟ್ಟರು. ಆ ಮೈಕ್ರೊಕೋಡ್ ಕೂತಿದ್ದದ್ದು ಪಂಚ್ ಕಾರ್ಡಿನ ಅಳತೆಯ ಮೈಲಾರ್ ಹಾಳೆಗಳ ಮೇಲೆ, ತೂತುಗಳ ರೂಪದಲ್ಲಿ. ಪಂಚ್ ಕಾರ್ಡಿನ ಯಂತ್ರವನ್ನು ಅನುಕರಿಸಿದ ಆ ಕಾಲದ ಎಮ್ಯುಲೇಟರೂ ಪಂಚ್ ಮಾಡಿದ ಕಾರ್ಡಿನ ಮೇಲೇ ಇತ್ತು! ಸಾವಿರಾರು ಕಚೇರಿಗಳ ಪ್ರೋಗ್ರಾಮುಗಳನ್ನು ಒಂದೊಂದಾಗಿ ತಿದ್ದುವುದು ಆಗದ ಮಾತು, ತಿದ್ದಿದರೆ ಗಿರಾಕಿಗೆ ನಂಬಿಕೆಯೂ ಉಳಿಯದು ಎಂದು ಅವರಿಗೆ ಗೊತ್ತಿತ್ತು. ಅವರು ಪಟ್ಟ ಶ್ರಮವೆಲ್ಲ ಕಾರ್ಡನ್ನು ಇದ್ದ ಹಾಗೇ ಓಡಿಸುವುದಕ್ಕೆ.

ನಮ್ಮ ಕಾರಣ ದುಡ್ಡಿನದಲ್ಲ. ಯಂತ್ರ ಕಟ್ಟಿದವರಲ್ಲಿ, ಓಡಿಸಿದವರಲ್ಲಿ ಬಹುಪಾಲು ಜನ ಈಗ ಇಲ್ಲ, ಇದ್ದವರಿಗೂ ವಯಸ್ಸಾಗಿದೆ. ಮುಂದೆ 1401 ಹೇಗೆ ಕೆಲಸ ಮಾಡುತ್ತಿತ್ತು ಎಂದು ಯಾರಾದರೂ ಕೇಳಿದರೆ ಹೆಚ್ಚಿನವರಿಗೆ ಸಿಗುವ ಉತ್ತರ ಎಮ್ಯುಲೇಟರಿನಿಂದಲೇ ಬರಬೇಕು. ತಿದ್ದಿದ ಕಾರ್ಡು, ಆ ಕಾರ್ಡಿಗೆ ತಕ್ಕ ಎಮ್ಯುಲೇಟರ್, ಎರಡೂ ಒಟ್ಟಿಗೆ ಉಳಿದುಬಿಟ್ಟರೆ ಆ ಜೋಡಿಯೇ ಸತ್ಯವಾಗಿಬಿಡುತ್ತದೆ. ಒಂದನ್ನೊಂದು ಸಮರ್ಥಿಸುವ ಎರಡು ತಪ್ಪುಗಳನ್ನು ಆಮೇಲೆ ಯಾರೂ ಬೇರ್ಪಡಿಸಲಾರರು.

ಹಾಗಾದರೆ ಸರಿ ಎಂದು ತಿಳಿಯುವುದು ಹೇಗೆ? ಬಾಬ್ ಸಪ್ನಿಕ್ ಅವರ ಸಿಮ್‌ಎಚ್ ಯೋಜನೆಯಲ್ಲಿ 1401ರ ಒಳ್ಳೆಯ ಎಮ್ಯುಲೇಟರ್ ಇದೆ, ಅದರ ಕೋಡ್ ಯಾರು ಬೇಕಾದರೂ ಓದಬಹುದು. ಓದಿ, ಕಲಿಯಿರಿ. ಆದರೆ ಅದನ್ನು ನೋಡಿಕೊಂಡೇ ನಿಮ್ಮದನ್ನು ಬರೆದು, ಆಮೇಲೆ ಎರಡೂ ಒಂದೇ ಉತ್ತರ ಕೊಟ್ಟವು ಎಂದರೆ ಅದು ಪರೀಕ್ಷೆಯಾಗಲಿಲ್ಲ. ಐಬಿಎಂ ಸರ್ವಿಸ್ ಎಂಜಿನಿಯರುಗಳ ಪರೀಕ್ಷಾ ಕಾರ್ಡುಗಳನ್ನೂ ಅತಿಯಾಗಿ ನಂಬಬೇಡಿ. ಅವು ಬರೆದದ್ದು ಸುಟ್ಟ ಟ್ರಾನ್ಸಿಸ್ಟರ್ ಹುಡುಕಲು. ನಿಮ್ಮ ತಿಳಿವಳಿಕೆಯ ತಪ್ಪು ಅವುಗಳ ಬಲೆಗೆ ಬೀಳದೆಯೂ ಹೋಗಬಹುದು. ನನಗೆ ಹೆಚ್ಚು ನಂಬಿಕೆ ಇರುವುದು ದೊಡ್ಡ, ದಟ್ಟವಾದ, ನಿಜವಾದ ಪ್ರೋಗ್ರಾಮುಗಳಲ್ಲಿ. 1401ರ ಫೋರ್ಟ್ರಾನ್ ಕಂಪೈಲರನ್ನೇ ತೆಗೆದುಕೊಳ್ಳಿ. 8,000 ಅಕ್ಷರದ ಮೆಮೊರಿ ಅದಕ್ಕೆ ಸಾಕಿತ್ತು. ನೀವು ಬರೆದ ಪ್ರೋಗ್ರಾಮ್ ಮೆಮೊರಿಯಲ್ಲೇ ಕೂತಿರುತ್ತದೆ, ಕಂಪೈಲರಿನ 63 ಹಂತಗಳು ಒಂದಾದ ಮೇಲೊಂದು ಒಳಗೆ ಬಂದು, ತಮ್ಮ ಪಾಲಿನ ಕೆಲಸ ಮಾಡಿ ಹೋಗುತ್ತವೆ. ಎಮ್ಯುಲೇಟರಿನಲ್ಲಿ ಒಂದು ಬಿಟ್ ತಪ್ಪಿದರೂ ಹತ್ತಾರು ಹಂತ ಆದ ಮೇಲೆ ಎಲ್ಲೋ ಕುಸಿಯುತ್ತದೆ. ಅಂಥ ಬಗ್ ಹಿಡಿಯಬೇಕಾದರೆ ಪ್ರತಿ ಹಂತ ಮುಗಿದ ಕೂಡಲೆ ಮೆಮೊರಿಯ ಡಂಪ್ ತೆಗೆಯಿರಿ, ವರ್ಡ್ ಮಾರ್ಕ್ ಸಮೇತ. ಯಂತ್ರದಲ್ಲಿ ವರ್ಡ್ ಮಾರ್ಕ್ ಇರುವ ಕಡೆಯೆಲ್ಲ 1 ಎಂದು ಅಚ್ಚು ಹಾಕುವ ಸೌಕರ್ಯವೇ ಇತ್ತು. ಅಕ್ಷರದ ಸಾಲು, ಅದರ ಕೆಳಗೆ ಒಂದುಗಳ ಸಾಲು. ಅಕ್ಷರಗಳೆಲ್ಲ ಸರಿ ಕಾಣುವಾಗ ತಪ್ಪು ಇರುವುದು ಬಹಳ ಸಲ ಆ ಎರಡನೇ ಸಾಲಿನಲ್ಲಿ.

ನಿಜವಾದ ಕನ್ಸೋಲಿನಲ್ಲಿದ್ದ ಸಿಂಗಲ್ ಸೈಕಲ್ ಸ್ವಿಚ್ಚನ್ನು ಎಮ್ಯುಲೇಟರಿನಲ್ಲೂ ಕೊಡಿ. ಆದೇಶವನ್ನು ಒಂದೇ ಏಟಿಗೆ ಮುಗಿಸುವಂತೆ ಬರೆದರೆ ಇದು ಸಾಧ್ಯವಿಲ್ಲ, ಅಕ್ಷರ ಅಕ್ಷರವಾಗಿ ನಡೆಸಿದರೆ ಮಾತ್ರ ಸಾಧ್ಯ. ಹಾಗೆ ನಡೆಸಿದಾಗ ನಾನು ಮೇಲೆ ಹೇಳಿದ ಅರ್ಧದಷ್ಟು ಬಗ್‌ಗಳು ಹುಟ್ಟುವುದೇ ಇಲ್ಲ.

ಕೊನೆಯ ತೀರ್ಪು ನಿಜವಾದ ಯಂತ್ರದ್ದು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಎರಡು 1401 ಯಂತ್ರಗಳನ್ನು ನಿವೃತ್ತ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಮತ್ತೆ ಓಡುವ ಸ್ಥಿತಿಗೆ ತಂದಿದ್ದಾರೆ. ಒಂದು ಜರ್ಮನಿಯಿಂದ ಬಂದದ್ದು, ಇನ್ನೊಂದು ಅಮೆರಿಕದ ಕನೆಟಿಕಟ್‌ನಿಂದ. ಅಲ್ಲೇ ಕೆನ್ ಶಿರಿಫ್ ಎಂಬ ಪ್ರೋಗ್ರಾಮರ್ 2015ರಲ್ಲಿ ಮ್ಯಾಂಡಲ್‌ಬ್ರಾಟ್ ಚಿತ್ರವನ್ನು ಲೈನ್ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿದರು. ಸುಮಾರು ಹನ್ನೆರಡು ನಿಮಿಷ ಹಿಡಿಯಿತು. ಪ್ರೋಗ್ರಾಮನ್ನು ಮೊದಲು ಎಮ್ಯುಲೇಟರಿನಲ್ಲಿ ಬರೆದು ನೋಡಿ, ಆಮೇಲೆ ಕಾರ್ಡಿಗೆ ಪಂಚ್ ಮಾಡಿಸಿ ಯಂತ್ರಕ್ಕೆ ಕೊಟ್ಟರು. ಬೇ ಏರಿಯಾದಲ್ಲಿರುವ ಕನ್ನಡಿಗರು ನಿಮ್ಮಲ್ಲೂ ಇದ್ದೀರಿ. ಆ ಕೋಣೆಗೊಮ್ಮೆ ಹೋಗಿ ರೀಡರಿನ ಸದ್ದು ಕೇಳಿ ಬನ್ನಿ. ಎಮ್ಯುಲೇಟರ್ ಬರೆಯುವವರಿಗೆ ಅದು ಪಾಠವೇ.

ನಮ್ಮ ದೇಶಕ್ಕೂ ಈ ಯಂತ್ರ ಅಪರಿಚಿತವಲ್ಲ. 1960ರ ದಶಕದಲ್ಲಿ ಭಾರತದ ದೊಡ್ಡ ಕಂಪನಿಗಳು, ಕಚೇರಿಗಳು 1401 ಅನ್ನು ಬಾಡಿಗೆಗೆ ತಂದು ದುಡಿಸಿದವು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ಯಂತ್ರಗಳು ಗುಜರಿಗೆ ಹೋದವು, ಕಾರ್ಡುಗಳು ರದ್ದಿಗೆ. ಒಳ್ಳೆಯ ದಪ್ಪ ಕಾಗದ, ತೂಕಕ್ಕೆ ಒಳ್ಳೆಯ ಬೆಲೆ. ಆದರೂ ಎಲ್ಲೋ ಒಂದು ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಉಳಿದಿರಬಹುದು. ನಿಮ್ಮ ಅಜ್ಜನೋ ಸೋದರತ್ತೆಯೋ ಪಂಚ್ ಆಪರೇಟರ್ ಆಗಿದ್ದರೆ, ಮೆಷೀನ್ ರೂಮಿನಲ್ಲಿ ಪಾಳಿ ಮಾಡಿದ್ದರೆ, ಹತ್ತಿರ ಕೂತು ಕೇಳಿ. ಯಾವ ಗುಂಡಿ ಮೊದಲು, ಯಾವುದು ಆಮೇಲೆ, ರೀಡರಿನಲ್ಲಿ ಕಾರ್ಡು ಸಿಕ್ಕಿಕೊಂಡರೆ ಏನು ಮಾಡುತ್ತಿದ್ದರು, ಕಟ್ಟು ಕೈಜಾರಿ ಬಿದ್ದರೆ ಹೇಗೆ ಮತ್ತೆ ಜೋಡಿಸುತ್ತಿದ್ದರು ಎಂದೆಲ್ಲ. ಕಟ್ಟಿನ ನೆತ್ತಿಯ ಮೇಲೆ ಪೆನ್ನಿನಿಂದ ಓರೆಯಾಗಿ ಗೆರೆ ಎಳೆದಿಟ್ಟಿದ್ದರೆ ಅದರ ಫೋಟೋ ತೆಗೆಯಿರಿ. ಕಾರ್ಡುಗಳ ಕ್ರಮ ಹೇಳುವುದು ಆ ಗೆರೆಯೇ.

ಕಟ್ಟು ಸಿಕ್ಕರೆ ಹೀಗೆ ಮಾಡಿ. ಪ್ರತಿ ಕಾರ್ಡನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿ. 12 ಸಾಲು, 80 ಕಾಲಮ್ಮಿನ ತೂತುಗಳನ್ನು ಇದ್ದಂತೇ ಬರೆದಿಡಿ. ಕಾರ್ಡಿನ ತಲೆಯಲ್ಲಿ ಅಚ್ಚಾದ ಅಕ್ಷರವನ್ನು ನಂಬಬೇಡಿ, ತೂತನ್ನು ನಂಬಿ. ಈ ಮೂಲ ಪ್ರತಿಗೆ ಆಮೇಲೆ ಯಾರೂ ಕೈ ಹಚ್ಚಕೂಡದು. ಪ್ರೋಗ್ರಾಮ್ ನಿಮ್ಮ ಎಮ್ಯುಲೇಟರಿನಲ್ಲಿ ಓಡದಿದ್ದರೆ ಓಡಲಿಲ್ಲ ಎಂದೇ ಪಕ್ಕದಲ್ಲಿ ಬರೆಯಿರಿ. ಎಷ್ಟನೇ ಕಾರ್ಡಿನ ಬಳಿ ನಿಂತಿತು, ಆಗ ಮೂರು ರಿಜಿಸ್ಟರುಗಳಲ್ಲಿ ಏನಿತ್ತು ಎಂದು ಬರೆಯಿರಿ. ಸಂಕೋಚ ಬೇಡ. ಓಡದ ಕಟ್ಟುಗಳನ್ನು ನನಗೆ ಮೊದಲು ಕಳಿಸಿ, ಓಡಿದವನ್ನು ಆಮೇಲೆ ನೋಡೋಣ. ಈಗಾಗಲೇ ತಿದ್ದಿ ಓಡಿಸಿರುವವರು ತಿದ್ದುವ ಮುಂಚಿನ ಪ್ರತಿ ಇನ್ನೂ ಇಟ್ಟುಕೊಂಡಿದ್ದರೆ ದಯವಿಟ್ಟು ಅದನ್ನು ಅಳಿಸಬೇಡಿ, ಅದನ್ನೂ ಕಳಿಸಿಕೊಡಿ.

ಇಂತಿ ನಿಮ್ಮವ,
ಇದೇ ಕೆಲಸದಲ್ಲಿ ನಿಮ್ಮ ಜೊತೆಗಿರುವ ಒಬ್ಬ ಪ್ರೋಗ್ರಾಮರ್